ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾ ಮತ್ತು ನಮ್ಮೂರ ತಿಪ್ಪೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿದಾಗ, "ಸಾಫ್ಟ್‌ವೇರ್ ಕೆಲಸಕ್ಕೆ ಸೇರೋದು ಹೆಂಗೆ ಅಂತ ಮಕ್ಕಳಿಗೆ ನಾಲ್ಕು ಮಾತು ಹೇಳಪಾ" ಅಂದರು. ಅದನ್ನು ಹೇಳುವವರು ಈಗ ಎಲ್ಲ ಕಡೆ ಇದ್ದಾರೆ. ನಾನು ಬೇರೆ ಒಂದು ವಿಷಯ ಮಾತಾಡುತ್ತೇನೆ ಎಂದು ಕೇಳಿಕೊಂಡೆ. ದೊಡ್ಡ ಮನಸ್ಸಿನಿಂದ ಒಪ್ಪಿದರು. ನಾನು ಜೀವಶಾಸ್ತ್ರ ಓದಿದವನಲ್ಲ, ಬಿಇ ಮಾಡಿ ಕಂಪ್ಯೂಟರ್ ಮುಂದೆ ಕುಳಿತುಕೊಳ್ಳುವವನು. ಆದರೂ ಒಂದು ಬ್ಯಾಕ್ಟೀರಿಯಾದ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ಅದಕ್ಕೆ ಕಾರಣ ಎರಡು. ಒಂದು, ಇದೇ ಶಾಲೆಯ ಹಿಂದಿದ್ದ ತಿಪ್ಪೆ. ಇನ್ನೊಂದು, ಈ ಸಭೆಯಲ್ಲೇ ಕುಳಿತಿರುವ ನಮ್ಮ ದೊಡ್ಡಪ್ಪ.

ಮೊದಲು ತಿಪ್ಪೆಯ ಕಥೆ. ನಾನು ಎಂಟನೆಯ ತರಗತಿಯಲ್ಲಿದ್ದಾಗ, ಡಿಸೆಂಬರ್ ಚಳಿಯಲ್ಲಿ ಕಾಲುವೆ ದಾರಿಯಿಂದ ಶಾಲೆಗೆ ಬರುತ್ತಿದ್ದೆವು. ಆಗ ಶಾಲೆಯ ಹಿಂದೆ ಕಾಂಪೌಂಡ್ ಇರಲಿಲ್ಲ, ಸಾಲು ತಿಪ್ಪೆಗಳಿದ್ದವು. ಬೆಳಿಗ್ಗೆ ಹೊತ್ತು ಅವುಗಳಿಂದ ಹೊಗೆಯ ಹಾಗೆ ಹಬೆ ಏಳುತ್ತಿತ್ತು. ನಾವು ಕೈ ಕಾಯಿಸಿಕೊಳ್ಳುತ್ತಿದ್ದೆವು. ವಿಜ್ಞಾನದ ಪೀರಿಯಡ್‌ನಲ್ಲಿ ಒಬ್ಬ ಎದ್ದು, "ಸಾರ್, ತಿಪ್ಪೆಗೆ ಯಾರೂ ಬೆಂಕಿ ಹಚ್ಚಿಲ್ಲ, ಆದ್ರೂ ಯಾಕೆ ಬಿಸಿ ಇರ್ತೈತಿ?" ಎಂದು ಕೇಳಿದ. ಎಲ್ಲರೂ ನಕ್ಕರು. ನಮ್ಮ ಮೇಷ್ಟ್ರು ನಗಲಿಲ್ಲ. "ಎಷ್ಟು ಬಿಸಿ ಇರ್ತೈತಿ ಅಂತ ಮೊದಲು ನೋಡೋಣ ಬರ್ರೋ" ಅಂದರು. ಬೀರುವಿನಿಂದ ಥರ್ಮಾಮೀಟರ್ ತೆಗೆದುಕೊಂಡರು. ಹಾರೆಯಿಂದ ತಿಪ್ಪೆಯ ಹೊಟ್ಟೆಗೆ ಒಂದು ಮೊಳದ ತೂತು ಹಾಕಿಸಿ, ದಾರ ಕಟ್ಟಿ ಥರ್ಮಾಮೀಟರ್ ಇಳಿಬಿಟ್ಟರು. ಐದು ನಿಮಿಷ ಬಿಟ್ಟು ಎಳೆದು ಓದಿಸಿದರು: 61 ಡಿಗ್ರಿ. ಹೊರಗೆ ಗಾಳಿಯಲ್ಲಿ 18 ಇತ್ತು.

ಸಗಣಿ, ಹುಲ್ಲು, ಸೊಪ್ಪನ್ನು ಕಣ್ಣಿಗೆ ಕಾಣದ ಜೀವಿಗಳು ತಿನ್ನುತ್ತವೆ, ತಿಂದು ಅರಗಿಸುವಾಗ ಶಾಖ ಬಿಡುತ್ತವೆ ಎಂದು ಅವರು ವಿವರಿಸಿದರು. ಆಗ ಇನ್ನೊಬ್ಬಳು ಕೇಳಿದಳು: "ಸಾರ್, ನೀರು ಕಾಯಿಸಿದ್ರೆ ಕ್ರಿಮಿ ಸಾಯ್ತಾವೆ ಅಂತೀರಿ. ಅಷ್ಟು ಬಿಸಿಯೊಳಗೆ ಇವು ಹೆಂಗೆ ಬದುಕಿದಾವೆ?" ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನನಗೂ ಸರಿಯಾಗಿ ಗೊತ್ತಿಲ್ಲಮ್ಮ. ಒಳ್ಳೇ ಪ್ರಶ್ನೆ. ಬರೆದಿಟ್ಕೊಳ್ಳಿ" ಎಂದರು. ನಾನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಉತ್ತರ ಸಿಗುವುದಕ್ಕೆ ಹದಿನಾರು ವರ್ಷ ಬೇಕಾಯಿತು.

ಆ ಹುಡುಗಿ ಕೇಳಿದ ಪ್ರಶ್ನೆಯನ್ನೇ 1960ರ ದಶಕದಲ್ಲಿ ಅಮೆರಿಕದಲ್ಲಿ ಒಬ್ಬ ವಿಜ್ಞಾನಿ ಕೇಳಿಕೊಂಡಿದ್ದರು. ಅವರ ಹೆಸರು ಥಾಮಸ್ ಬ್ರಾಕ್, ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರು. 1964ರಲ್ಲಿ ಯೆಲ್ಲೋಸ್ಟೋನ್ ಎಂಬ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದರು. ಅಲ್ಲಿ ನೆಲದೊಳಗಿನಿಂದ ಬಿಸಿನೀರಿನ ಬುಗ್ಗೆಗಳು ಉಕ್ಕುತ್ತವೆ. ನೀರು ಹರಿಯುವ ದಾರಿಯಲ್ಲೆಲ್ಲ ಹಳದಿ, ಕಿತ್ತಳೆ, ಹಸಿರು ಬಣ್ಣದ ಪಾಚಿಯಂಥ ಪದರ. ನೋಡಲು ಬಂದವರು ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು. ಇಷ್ಟು ಬಿಸಿಯಲ್ಲಿ ಬೆಳೆಯುತ್ತಿರುವುದು ಏನು ಎಂದು ಕೇಳಿದವರು ಬ್ರಾಕ್. ಬಿಸಿಯನ್ನು ತಡೆಯುವ ಬ್ಯಾಕ್ಟೀರಿಯಾಗಳ ವಿಷಯ ಆಗಲೇ ಗೊತ್ತಿತ್ತು. ಆದರೆ ಅವನ್ನು ಹುಡುಕುವವರು ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ 55 ಡಿಗ್ರಿಯ ಆಸುಪಾಸಿನಲ್ಲೇ ಬೆಳೆಸಿ ನೋಡುತ್ತಿದ್ದರು. ಅದಕ್ಕಿಂತ ಬಿಸಿಯನ್ನು ಇಷ್ಟಪಡುವ ಜೀವಿ ಇದ್ದರೂ ಅವರ ಬಲೆಗೆ ಬೀಳುತ್ತಿರಲಿಲ್ಲ.

ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಹೆಚ್ಚಿನ ಶಾಖದಲ್ಲಿ ಬೆಳೆಸಿ ನೋಡಿದರು. ಮಕ್ಕಳೇ, ಗಮನಿಸಿ, ಆ ಫ್ರೀಜ್ ಆಗ ದೊಡ್ಡ ವಿಜ್ಞಾನಿಯಲ್ಲ, ಡಿಗ್ರಿ ಓದುತ್ತಿದ್ದ ಹುಡುಗ. 1966ರಲ್ಲಿ ಮಶ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯಿಂದ ತಂದ ಮಾದರಿಯಲ್ಲಿ ಅವರಿಗೆ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದು ಸುಮಾರು 70 ಡಿಗ್ರಿಯಲ್ಲಿ ಅತಿ ಚೆನ್ನಾಗಿ ಬೆಳೆಯುತ್ತದೆ, 79ರವರೆಗೂ ತಡೆಯುತ್ತದೆ. 40 ಡಿಗ್ರಿಗಿಂತ ಕೆಳಗೆ ಬಂದರೆ ಬೆಳೆಯುವುದೇ ಇಲ್ಲ. ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲು ಅದಕ್ಕೆ ಚಳಿಗಾಲ ಇದ್ದ ಹಾಗೆ. 1969ರಲ್ಲಿ ಅದಕ್ಕೆ 'ಥರ್ಮಸ್ ಅಕ್ವಾಟಿಕಸ್' ಎಂದು ಹೆಸರಿಟ್ಟು ಲೇಖನ ಪ್ರಕಟಿಸಿದರು. ಕಾಫಿ ಇಡುವ ಥರ್ಮಾಸ್‌ಗೂ ಈ ಹೆಸರಿಗೂ ಮೂಲ ಒಂದೇ: ಬಿಸಿ.

ಇದರಿಂದ ಏನು ಉಪಯೋಗ ಎಂದು ಆಗ ಕೇಳಿದ್ದರೆ ಅವರಿಬ್ಬರಿಗೂ ಹೇಳಲು ಏನೂ ಇರಲಿಲ್ಲ. ಬಿಸಿಯಲ್ಲಿ ಜೀವ ಹೇಗೆ ನಿಲ್ಲುತ್ತದೆ ಎಂದು ತಿಳಿಯಬೇಕಿತ್ತು, ಅಷ್ಟೇ.

ಹೇಗೆ ನಿಲ್ಲುತ್ತದೆ? ಕೋಳಿಮೊಟ್ಟೆಯನ್ನು ಬೇಯಿಸಿದರೆ ನೀರಾಗಿದ್ದ ಬಿಳಿಭಾಗ ಗಟ್ಟಿಯಾಗುತ್ತದೆ. ಅದು ಪ್ರೋಟೀನ್. ಮಡಿಸಿಟ್ಟ ಪ್ರೋಟೀನ್ ಬಿಸಿಗೆ ಬಿಚ್ಚಿಕೊಂಡು ಒಂದಕ್ಕೊಂದು ಗೋಜಲಾಗುತ್ತದೆ. ತಣ್ಣಗೆ ಮಾಡಿದರೂ ಮತ್ತೆ ಮೊದಲಿನಂತಾಗುವುದಿಲ್ಲ. ನಮ್ಮ ಮೈಯಲ್ಲಿ ಕೆಲಸ ಮಾಡುವ ಕಿಣ್ವಗಳೂ ಪ್ರೋಟೀನ್‌ಗಳೇ. ಶಾಖಪ್ರಿಯ ಬ್ಯಾಕ್ಟೀರಿಯಾದ ಕಿಣ್ವಗಳು ಮಾತ್ರ ಬಹಳ ಬಿಗಿಯಾಗಿ ಮಡಿಸಿಕೊಂಡಿರುತ್ತವೆ. ಒಳಗೆ ಹೆಚ್ಚು ಕಡೆ ಗಂಟು ಹಾಕಿದ ಹಾಗೆ ಬಂಧಗಳಿರುತ್ತವೆ. ಸಡಿಲವಾಗಿ ಕಟ್ಟಿದ ಹುಲ್ಲಿನ ಹೊರೆ ಗಾಡಿ ಅಲುಗಾಡಿದರೆ ಬಿಚ್ಚಿಕೊಳ್ಳುತ್ತದೆ, ಬಿಗಿದು ಕಟ್ಟಿದ್ದು ದಾವಣಗೆರೆ ಮುಟ್ಟುತ್ತದೆ. ಇಷ್ಟೇ ವ್ಯತ್ಯಾಸ. ನೋಟ್‌ಬುಕ್ಕಿನ ಕೊನೆಯ ಹಾಳೆಯ ಪ್ರಶ್ನೆಗೆ ಇದೇ ಉತ್ತರ.

ಈ ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎಯನ್ನು ಪ್ರತಿ ಮಾಡುವ ಒಂದು ಕಿಣ್ವವಿದೆ. 1976ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದ ಅಲಿಸ್ ಚಿಯೆನ್ ಮತ್ತು ಸಂಗಡಿಗರು ಅದನ್ನು ಬೇರ್ಪಡಿಸಿ ಶುದ್ಧ ಮಾಡಿದರು. ಥರ್ಮಸ್‌ನ ಮೊದಲಕ್ಷರ, ಅಕ್ವಾಟಿಕಸ್‌ನ ಮೊದಲೆರಡು ಅಕ್ಷರ ಸೇರಿಸಿ ಅದನ್ನು 'ಟ್ಯಾಕ್' ಪಾಲಿಮರೇಸ್ ಎನ್ನುತ್ತಾರೆ. ಅದೂ ಹಲವು ವರ್ಷ ಸುಮ್ಮನೆ ಇತ್ತು.

ಈಗ ಡಿಎನ್‌ಎ ಕಡೆ ಬರೋಣ. ಹತ್ತನೇ ತರಗತಿಯವರಿಗೆ ಗೊತ್ತಿರುತ್ತದೆ, ಹಿರಿಯರಿಗಾಗಿ ಹೇಳುತ್ತೇನೆ. ಡಿಎನ್‌ಎ ಅಂದರೆ ಪ್ಯಾಂಟಿನ ಜಿಪ್ ಇದ್ದ ಹಾಗೆ, ಎರಡು ಎಳೆ. ಒಂದು ಕಡೆ ಎ ಇದ್ದರೆ ಎದುರಿಗೆ ಟಿ, ಜಿ ಇದ್ದರೆ ಎದುರಿಗೆ ಸಿ. ಜಿಪ್ ಬಿಚ್ಚಿ ಒಂದೊಂದು ಎಳೆಯನ್ನು ಬೇರೆ ಇಟ್ಟರೆ, ಎದುರಿನ ಎಳೆ ಏನಿತ್ತೆಂದು ಅದನ್ನು ನೋಡಿಯೇ ಕಟ್ಟಬಹುದು. ಹಾಗಾಗಿ ಒಂದು ಜಿಪ್ ಎರಡಾಗುತ್ತದೆ. ಎರಡನ್ನೂ ಬಿಚ್ಚಿದರೆ ನಾಲ್ಕು. ಹತ್ತು ಸುತ್ತಿಗೆ 1,024. ಇಪ್ಪತ್ತು ಸುತ್ತಿಗೆ ಹತ್ತು ಲಕ್ಷ ದಾಟುತ್ತದೆ. ಮೂವತ್ತು ಸುತ್ತಿಗೆ 107 ಕೋಟಿ! ಚದುರಂಗದ ಮನೆಗಳಲ್ಲಿ ಒಂದಕ್ಕೆರಡು ಕಾಳು ಇಟ್ಟ ಕಥೆ ನೀವೆಲ್ಲ ಕೇಳಿದ್ದೀರಿ, ಅದೇ ಲೆಕ್ಕ. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ ಲೂಪ್ ಅನ್ನುತ್ತೇವೆ. ನಾಲ್ಕು ಸಾಲಿನ ಪ್ರೋಗ್ರಾಂ, ಮೂವತ್ತು ಸಲ ಓಡಿಸಿದರೆ ಆಯಿತು.

ಹೀಗೆ ಪ್ರತಿ ಮಾಡಬಹುದೆಂಬ ವಿಚಾರ 1971ರಷ್ಟು ಹಿಂದೆಯೇ ಹರಗೋವಿಂದ ಖುರಾನಾ ಮತ್ತು ಅವರ ಸಹೋದ್ಯೋಗಿ ಶೆಲ್ ಕ್ಲೆಪ್ಪೆ ಅವರ ಲೇಖನದಲ್ಲಿ ಬಂದಿತ್ತು. ಖುರಾನಾ ಅವರ ಹೆಸರು ಹೇಳುವಾಗ ಈ ಶಾಲೆಯಲ್ಲಿ ನಿಂತು ಒಂದು ಮಾತು ಹೇಳದೆ ಹೋಗಬಾರದು. ಅವರು ಹುಟ್ಟಿದ್ದು ಅವಿಭಜಿತ ಪಂಜಾಬಿನ ರಾಯ್‌ಪುರ ಎಂಬ ನೂರು ಜನರ ಹಳ್ಳಿಯಲ್ಲಿ. ಓದು ಬರಹ ಬಲ್ಲ ಮನೆ ಹೆಚ್ಚುಕಡಿಮೆ ಅವರದೊಂದೇ. ಮೊದಲ ನಾಲ್ಕು ವರ್ಷ ಹಳ್ಳಿಯ ಮೇಷ್ಟ್ರ ಹತ್ತಿರ ಮರದ ಕೆಳಗೆ ಕಲಿತವರು 1968ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ಆದರೆ ಆ ವಿಚಾರ ಕೆಲಸಕ್ಕೆ ಬಂದದ್ದು 1983ರ ನಂತರ. ಕ್ಯಾಲಿಫೋರ್ನಿಯಾದ ಸೀಟಸ್ ಎಂಬ ಕಂಪನಿಯಲ್ಲಿದ್ದ ಕ್ಯಾರಿ ಮುಲ್ಲಿಸ್ ಅವರಿಗೆ ಒಂದು ರಾತ್ರಿ ಕಾರು ಓಡಿಸುತ್ತಿರುವಾಗ ಈ ಒಂದಕ್ಕೆರಡು ಮಾಡುವ ಉಪಾಯ ಹೊಳೆಯಿತಂತೆ. ಇದೇ ಪಿಸಿಆರ್. ಆದರೆ ಒಂದು ತೊಡಕಿತ್ತು. ಡಿಎನ್‌ಎ ಜಿಪ್ ಬಿಚ್ಚಬೇಕಾದರೆ ಸುಮಾರು 95 ಡಿಗ್ರಿಗೆ ಕಾಯಿಸಬೇಕು. ಆಗ ಬಳಸುತ್ತಿದ್ದ ಕಿಣ್ವ ನಮ್ಮ ಕರುಳಿನಲ್ಲಿ ಇರುವಂಥ ಬ್ಯಾಕ್ಟೀರಿಯಾದ್ದು. ಕಾಯಿಸಿದ ತಕ್ಷಣ ಮೊಟ್ಟೆಯ ಹಾಗೆ ಬೆಂದು ಹೋಗುತ್ತಿತ್ತು. ಪ್ರತಿ ಸುತ್ತಿಗೂ ಮುಚ್ಚಳ ತೆಗೆದು ಹೊಸದಾಗಿ ಕಿಣ್ವ ಹಾಕಬೇಕಿತ್ತು. ಒಂದು ಪರೀಕ್ಷೆಗೆ ಮೂವತ್ತು ಸಲ! ದುಬಾರಿ ಕಿಣ್ವ, ಬೇಸರದ ಕೆಲಸ, ಫಲಿತಾಂಶವೂ ಶುದ್ಧವಿಲ್ಲ.

ಆಗ ನೆನಪಾದದ್ದು ಯೆಲ್ಲೋಸ್ಟೋನಿನ ಬ್ಯಾಕ್ಟೀರಿಯಾ. ಬ್ರಾಕ್ ಅದನ್ನು ಪೇಟೆಂಟ್ ಮಾಡಿಸಿಕೊಂಡಿರಲಿಲ್ಲ. ಅಮೆರಿಕದ ಸೂಕ್ಷ್ಮಜೀವಿಗಳ ಸಂಗ್ರಹಾಲಯಕ್ಕೆ ಕೊಟ್ಟಿದ್ದರು, ಯಾರು ಕೇಳಿದರೂ ಸಣ್ಣ ಶುಲ್ಕಕ್ಕೆ ಸಿಗುತ್ತಿತ್ತು. ಅದರ ಟ್ಯಾಕ್ ಕಿಣ್ವ 95 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಇಟ್ಟರೂ ಅರ್ಧದಷ್ಟು ಶಕ್ತಿ ಉಳಿಸಿಕೊಂಡಿರುತ್ತದೆ. ಪಿಸಿಆರ್‌ನ ಒಂದೊಂದು ಸುತ್ತಿನಲ್ಲಿ ಅಷ್ಟು ಬಿಸಿ ಬೇಕಾಗುವುದು ಅರ್ಧ, ಒಂದು ನಿಮಿಷ ಮಾತ್ರ. ಹಾಗಾಗಿ ಒಮ್ಮೆ ಹಾಕಿದರೆ ಮೂವತ್ತು ಸುತ್ತಿಗೂ ಸಾಕು. 95ಕ್ಕೆ ಕಾಯಿಸು, ಜಿಪ್ ಬಿಚ್ಚಲಿ. 55ರ ಆಸುಪಾಸಿಗೆ ಇಳಿಸು, ನಮಗೆ ಬೇಕಾದ ಭಾಗದ ಎರಡು ತುದಿಗೆ ಗುರುತಿನ ತುಂಡುಗಳು ಅಂಟಿಕೊಳ್ಳಲಿ. 72ಕ್ಕೆ ಏರಿಸು, ಟ್ಯಾಕ್ ಕೆಲಸ ಮಾಡಲಿ. ಯಂತ್ರ ತಾನೇ ಏರಿಸಿ ಇಳಿಸುತ್ತದೆ. 1988ರಲ್ಲಿ ಈ ವಿಧಾನ ಪ್ರಕಟವಾಯಿತು, 1993ರಲ್ಲಿ ಮುಲ್ಲಿಸ್‌ಗೆ ನೊಬೆಲ್ ಬಂತು.

ಟ್ಯಾಕ್‌ಗೂ ಒಂದು ದೋಷವಿದೆ. ಬರೆದದ್ದನ್ನು ತಿರುಗಿ ಓದಿ ತಪ್ಪು ತಿದ್ದುವ ಅಭ್ಯಾಸ ಅದಕ್ಕಿಲ್ಲ. ನಮ್ಮಲ್ಲಿ ಕೆಲವರು ಪರೀಕ್ಷೆಯಲ್ಲಿ ಹೀಗೇ ಮಾಡುತ್ತಿದ್ದೆವು! ತಪ್ಪೇ ಆಗಬಾರದ ಕೆಲಸಕ್ಕೆ ಇಟಲಿಯ ವಲ್ಕಾನೋ ದ್ವೀಪದ ಬಿಸಿ ಸಮುದ್ರದ ಕೆಸರಿನಲ್ಲಿ ಸಿಕ್ಕ, ನೂರು ಡಿಗ್ರಿಯಲ್ಲಿ ಬದುಕುವ ಇನ್ನೊಂದು ಸೂಕ್ಷ್ಮಜೀವಿಯ ಕಿಣ್ವ ಬಳಸುತ್ತಾರೆ. ಅದು ಓದಿ ತಿದ್ದುತ್ತದೆ.

ಇನ್ನು ದೊಡ್ಡಪ್ಪನ ವಿಷಯ. ಅವರು ಇಪ್ಪತ್ತೈದು ವರ್ಷ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ಬೆಂಕಿ, ಹೊಗೆ, ಉಮಿಯ ಧೂಳು, ಇವುಗಳ ನಡುವೆ ಕೆಮ್ಮು ಬಂದರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. 2018ರಲ್ಲಿ ಕೆಮ್ಮು ಹೆಚ್ಚಾಯಿತು, ಮೈ ಇಳಿಯಿತು, ಸಂಜೆಯಾದರೆ ಜ್ವರ. ಒಂದು ಖಾಸಗಿ ಕ್ಲಿನಿಕ್‌ನಲ್ಲಿ ತಿಂಗಳುಗಟ್ಟಲೆ ಸಿರಪ್ಪು, ಇಂಜೆಕ್ಷನ್ನು ಆದವು. ಆಮೇಲೆ ಟಿಬಿ ಇರಬಹುದೆಂದು ಮಾತ್ರೆ ಶುರು ಮಾಡಿದರು. ಕಫದ ಪರೀಕ್ಷೆ ಮಾಡಿಸಲಿಲ್ಲ. ನಾಲ್ಕು ತಿಂಗಳು ಮಾತ್ರೆ ನುಂಗಿದರೂ ಗುಣ ಕಾಣಲಿಲ್ಲ. ಮನೆಯವರಿಗೆ ಎರಡು ಭಯ. ಒಂದು, ಮನುಷ್ಯ ಉಳಿಯುತ್ತಾನೋ ಇಲ್ಲವೋ. ಇನ್ನೊಂದು, ಊರಿಗೆ ಗೊತ್ತಾದರೆ ಏನು ಗತಿ. ತಂಗಿಗೆ ಗಂಡು ನೋಡುತ್ತಿದ್ದ ಕಾಲ. ಹಾಗಾಗಿ "ಹೊಗೆ ಕುಡಿದು ಕೆಮ್ಮು" ಎಂದೇ ಎಲ್ಲರಿಗೂ ಹೇಳಿದೆವು. ನಾನೂ ಹೇಳಿದೆ. ಬಿಇ ಓದಿದವನು, ಬೆಂಗಳೂರಿನಲ್ಲಿ ಇದ್ದವನು, ನಾನೂ ಅದೇ ಸುಳ್ಳು ಹೇಳಿದೆ. ಇವತ್ತು ಅದನ್ನು ಒಪ್ಪಿಕೊಳ್ಳುವುದಕ್ಕೂ ಇಲ್ಲಿ ನಿಂತಿದ್ದೇನೆ.

ಕೊನೆಗೆ ಹರಿಹರದ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿಂದ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕಫವನ್ನು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಯಂತ್ರದೊಳಗೆ ಇಟ್ಟರು. ಎರಡು ಗಂಟೆಯ ಕೆಲಸ. ಸಂಜೆಗೆ ವರದಿ ಕೈಗೆ ಬಂತು: ಟಿಬಿ ಇದೆ, ಮತ್ತು ಅದು ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ಬಗ್ಗದ ಟಿಬಿ. ಅಂದರೆ ನಾಲ್ಕು ತಿಂಗಳು ನುಂಗಿದ್ದ ಮಾತ್ರೆಯ ಮುಖ್ಯ ಭಾಗವೇ ಕೆಲಸ ಮಾಡಿರಲಿಲ್ಲ.

ಆ ಯಂತ್ರದಲ್ಲಿ ನಡೆದದ್ದು ಪಿಸಿಆರ್. ಸೂಕ್ಷ್ಮದರ್ಶಕದಲ್ಲಿ ಟಿಬಿ ಕ್ರಿಮಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 10,000 ಇರಬೇಕು. ಈ ಯಂತ್ರಕ್ಕೆ ಸುಮಾರು 130 ಇದ್ದರೂ ಸಾಕು, ಯಾಕೆಂದರೆ ಅದು ಒಂದನ್ನು ಕೋಟಿ ಮಾಡಿಕೊಂಡು ನೋಡುತ್ತದೆ. ಔಷಧಿಗೆ ಬಗ್ಗದಂತೆ ಮಾಡುವ ಅಕ್ಷರ ಬದಲಾವಣೆ ಡಿಎನ್‌ಎಯಲ್ಲಿ ಇದೆಯೋ ಎಂದೂ ಓದುತ್ತದೆ. ಕ್ರಿಮಿಯನ್ನು ಬೆಳೆಸಿ ಪರೀಕ್ಷಿಸುವ ಹಳೆಯ ವಿಧಾನದಲ್ಲಿ ಇದೇ ಉತ್ತರಕ್ಕೆ ಆರೆಂಟು ವಾರ ಕಾಯಬೇಕಿತ್ತು. ಅಷ್ಟರೊಳಗೆ ಮನೆಯ ಮಕ್ಕಳಿಗೆ ಹರಡಿದ್ದರೆ?

ಚಿಕಿತ್ಸೆ ಬದಲಾಯಿತು. ಹನ್ನೊಂದು ತಿಂಗಳು ಮಾತ್ರೆ, ಮೊದಲ ತಿಂಗಳುಗಳಲ್ಲಿ ದಿನಾ ಇಂಜೆಕ್ಷನ್. ಔಷಧಿಗೆ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಆಗ ತಾನೇ ಶುರುವಾಗಿದ್ದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು. ಸುಲಭ ಇರಲಿಲ್ಲ. ವಾಂತಿ, ಸಂಕಟ, ಕಿವಿಯೂ ಸ್ವಲ್ಪ ಮಂದವಾಯಿತು. ಆದರೆ ಮನುಷ್ಯ ಉಳಿದರು. ಇವತ್ತು ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಇದನ್ನು ಸಭೆಯಲ್ಲಿ ಹೇಳಲೇ ಎಂದು ಕೇಳಿದಾಗ, "ಹೇಳಪಾ, ಮುಚ್ಚಿಟ್ಕಂಡು ಏನು ಮಾಡಾದೈತಿ? ಇನ್ನೊಬ್ಬ ಬೇಗ ಹೋಗಿ ಕಫ ತೋರಿಸ್ಕಂಡ್ರೆ ಸಾಕು" ಅಂದರು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ದಯವಿಟ್ಟು ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಮಾತ್ರೆ ಶುರುವಾದ ಮೇಲೆ ಗುಣವಾಯಿತೆಂದು ನಡುವೆ ಬಿಡಬೇಡಿ. ನನ್ನ ಇಡೀ ಭಾಷಣದಲ್ಲಿ ಇದೊಂದೇ ನೆನಪಿದ್ದರೂ ಸಾಕು.

ಚಿಕಿತ್ಸೆಯ ದಿನಗಳಲ್ಲಿ ಆ ಯಂತ್ರ ಏನು ಮಾಡಿತು ಎಂದು ಓದುತ್ತಾ ಹೋದೆ. ಓದುತ್ತಾ ಯೆಲ್ಲೋಸ್ಟೋನ್‌ಗೆ ಹೋದೆ, ಅಲ್ಲಿಂದ ಈ ಶಾಲೆಯ ಹಿಂದಿನ ತಿಪ್ಪೆಗೆ ವಾಪಸು ಬಂದೆ.

ಎರಡು ವರ್ಷದ ನಂತರ ಇಡೀ ಊರಿಗೇ ಪಿಸಿಆರ್ ಎಂಬ ಮಾತು ಗೊತ್ತಾಯಿತು. 2020ರ ಏಪ್ರಿಲ್ ಕೊನೆಯಲ್ಲಿ ದಾವಣಗೆರೆಯ ಬಾಷಾ ನಗರ, ಜಾಲಿ ನಗರಗಳಲ್ಲಿ ಕೊರೊನಾ ಕಾಣಿಸಿಕೊಂಡು ಬೀದಿಗಳಿಗೆ ಬೇಲಿ ಬಿದ್ದದ್ದು ನೆನಪಿದೆಯಲ್ಲ. ಮೊದಮೊದಲು ಮೂಗಿನ ಮಾದರಿ ಬೇರೆ ಊರಿನ ಪ್ರಯೋಗಾಲಯಕ್ಕೆ ಹೋಗಿ ವರದಿ ಬರಬೇಕಿತ್ತು, ಆಮೇಲೆ ದಾವಣಗೆರೆಯಲ್ಲೇ ಪರೀಕ್ಷೆ ಶುರುವಾಯಿತು. "ಸಿಟಿ ವ್ಯಾಲ್ಯೂ ಎಷ್ಟು?" ಎಂದು ಎಲ್ಲರೂ ಕೇಳುತ್ತಿದ್ದೆವು. ಸಿಟಿ ಸ್ಕ್ಯಾನಿಗೂ ಅದಕ್ಕೂ ಸಂಬಂಧವಿಲ್ಲ. ವೈರಸ್ಸಿನ ಗುರುತು ಕಾಣುವುದಕ್ಕೆ ಯಂತ್ರ ಎಷ್ಟು ಸುತ್ತು ತಿರುಗಬೇಕಾಯಿತು ಎಂಬ ಲೆಕ್ಕ ಅದು. ವೈರಸ್ ಹೆಚ್ಚಿದ್ದರೆ 18, 20 ಸುತ್ತಿಗೇ ಕಾಣುತ್ತದೆ, ಕಡಿಮೆ ಇದ್ದರೆ 30 ಆಗಬೇಕು. 35ರೊಳಗೆ ಕಂಡರೆ ಪಾಸಿಟಿವ್ ಎಂದು ಐಸಿಎಂಆರ್ ಹೇಳಿತ್ತು. ಒಂದೊಂದು ಸುತ್ತಿನಲ್ಲೂ ಪ್ರತಿ ಮಾಡುತ್ತಿದ್ದದ್ದು ಈ ಟ್ಯಾಕ್ ಅಥವಾ ಅದರ ಬಳಗದ ಕಿಣ್ವ.

ಇದರಲ್ಲಿ ನಮ್ಮ ನಾಡಿನವರ ಪಾಲೂ ಇದೆ. 1989ರಲ್ಲಿ ಶುರುವಾದ ಬೆಂಗಳೂರು ಜೀನೈ ಎಂಬ ಸಂಸ್ಥೆ ಇಂಥ ಕಿಣ್ವಗಳನ್ನು ಇಲ್ಲೇ ತಯಾರಿಸಿ ದೇಶದ ಪ್ರಯೋಗಾಲಯಗಳಿಗೆ ಕೊಟ್ಟಿತು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದವರು 'ಟ್ರೂನ್ಯಾಟ್' ಎಂಬ ಪುಟ್ಟ ಪಿಸಿಆರ್ ಯಂತ್ರ ಮಾಡಿದ್ದಾರೆ. ಬ್ಯಾಟರಿಯಲ್ಲೂ ನಡೆಯುತ್ತದೆ. ಕರೆಂಟ್ ಹೋಗುವ ಊರಿನ ಕಷ್ಟ ಗೊತ್ತಿದ್ದವರು ಮಾಡಿದ ಯಂತ್ರ ಅದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಟಿಬಿ ಪರೀಕ್ಷೆಗೆ ಒಪ್ಪಿತು.

ರೈತ ಬಾಂಧವರಿಗೂ ಒಂದು ಮಾತು. ಭದ್ರಾ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ನಮಗೆ ಎಲೆ ಅಂಗಮಾರಿ ರೋಗ ಗೊತ್ತು. ಬಿಪಿಟಿ ಎಂದು ಕರೆಯುವ ಸಾಂಬಾ ಮಸೂರಿಗೆ ಅದು ಬೇಗ ತಗಲುತ್ತದೆ. ಹೈದರಾಬಾದಿನ ವಿಜ್ಞಾನಿಗಳು ರೋಗ ತಡೆಯುವ ಮೂರು ಜೀನ್‌ಗಳನ್ನು ಬೇರೆ ಭತ್ತದಿಂದ ಸಾದಾ ಸಂಕರಣದ ಮೂಲಕವೇ ಇದಕ್ಕೆ ತಂದರು. ಅದರಲ್ಲಿ ಒಂದು ಆಫ್ರಿಕಾದ ಕಾಡುಭತ್ತದಿಂದ ಬಂದದ್ದು. ಸಾವಿರಾರು ಸಸಿಗಳಲ್ಲಿ ಮೂರೂ ಜೀನ್ ಇರುವ ಸಸಿ ಯಾವುದು? ಎಲೆಯ ಒಂದು ಚೂರು ತೆಗೆದು ಪಿಸಿಆರ್ ಮಾಡಿದರೆ ತಿಳಿಯುತ್ತದೆ. ಹಾಗೆ ಆರಿಸಿದ 'ಸುಧಾರಿತ ಸಾಂಬಾ ಮಸೂರಿ' 2008ರಲ್ಲಿ ಬಿಡುಗಡೆಯಾಯಿತು.

ಇನ್ನೆರಡು ಉಪಯೋಗ ಬೇಗ ಹೇಳಿಬಿಡುತ್ತೇನೆ. ನಮ್ಮ ಮೆಕ್ಕೆಜೋಳದಿಂದ ಗ್ಲೂಕೋಸ್ ಸಿರಪ್ ಮಾಡುವ ಕಾರ್ಖಾನೆಗಳಲ್ಲಿ ಪಿಷ್ಟವನ್ನು ನೂರು ಡಿಗ್ರಿ ದಾಟಿಸಿ ಕರಗಿಸುವಾಗ ಶಾಖ ತಡೆಯುವ ಕಿಣ್ವ ಹಾಕುತ್ತಾರೆ. ಅದೂ ಬ್ಯಾಕ್ಟೀರಿಯಾದಿಂದ ಬಂದದ್ದು. ಎರಡನೆಯದು ಆಸ್ಪತ್ರೆಯ ಆಟೋಕ್ಲೇವ್. ದೊಡ್ಡ ಕುಕ್ಕರ್ ಅದು, 121 ಡಿಗ್ರಿ. ಅದು ಸರಿಯಾಗಿ ಕೆಲಸ ಮಾಡಿತೋ ಎಂದು ನೋಡಲು ಹಟಮಾರಿ ಶಾಖಪ್ರಿಯ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಒಳಗಿಡುತ್ತಾರೆ. ಅವೇ ಸತ್ತರೆ ಉಳಿದ ಯಾವುದೂ ಬದುಕಿಲ್ಲ ಎಂದರ್ಥ.

ಇಷ್ಟು ಲಾಭದ ಕಥೆಯಲ್ಲಿ ಒಂದು ನ್ಯಾಯದ ಪ್ರಶ್ನೆಯೂ ಇದೆ. 1991ರಲ್ಲಿ ಪಿಸಿಆರ್ ಹಕ್ಕುಗಳನ್ನು ರೋಶ್ ಎಂಬ ಔಷಧ ಕಂಪನಿ 30 ಕೋಟಿ ಡಾಲರಿಗೆ ಕೊಂಡಿತು. ಬ್ಯಾಕ್ಟೀರಿಯಾ ಹುಟ್ಟಿದ ಉದ್ಯಾನಕ್ಕೆ ಏನೂ ಬರಲಿಲ್ಲ, ಹುಡುಕಿದವರಿಗೂ ಬರಲಿಲ್ಲ. 1997ರಲ್ಲಿ ಆ ಉದ್ಯಾನದವರು ಎಚ್ಚೆತ್ತು, ಇನ್ನು ಮುಂದೆ ಲಾಭದಲ್ಲಿ ಪಾಲು ಬೇಕೆಂದು ಬೇರೊಂದು ಕಂಪನಿಯ ಜೊತೆ ಕರಾರು ಮಾಡಿಕೊಂಡರು. ಇನ್ನೊಂದು ಕಡೆಯಿಂದಲೂ ನೋಡಬೇಕು. ಬ್ರಾಕ್ ಅದನ್ನು ಬೀಗ ಹಾಕಿ ಇಟ್ಟುಕೊಂಡಿದ್ದರೆ ಪಿಸಿಆರ್ ಇಷ್ಟು ಬೇಗ ಬರುತ್ತಿತ್ತೇ? ಜ್ಞಾನ ಎಲ್ಲರಿಗೂ ಸಿಗಬೇಕು, ನೆಲದವರಿಗೆ ಪಾಲೂ ಸಿಗಬೇಕು. ನಮ್ಮ ದೇಶದಲ್ಲಿ 2002ರ ಜೀವವೈವಿಧ್ಯ ಕಾಯ್ದೆ ಇದಕ್ಕೇ ಬಂದದ್ದು. ಅದರ ಪ್ರಕಾರ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಇರಬೇಕು. ಪಂಚಾಯಿತಿಯ ಸದಸ್ಯರು ಇಲ್ಲಿದ್ದೀರಿ. ಆ ಪುಸ್ತಕವನ್ನು ಒಮ್ಮೆ ತೆಗೆಸಿ ನೋಡಿ, ನಮ್ಮ ಮಕ್ಕಳ ಕೈಯಿಂದ ಅದಕ್ಕೆ ನಾಲ್ಕು ಪುಟ ಸೇರಿಸೋಣ.

ನಮ್ಮಲ್ಲಿ ಬಿಸಿನೀರ ಬುಗ್ಗೆ ಎಲ್ಲಿದೆ ಎಂದು ಕೇಳಬಹುದು. ಕರ್ನಾಟಕದಲ್ಲಿ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥ ಇದೆ, ಆದರೆ ಆ ನೀರು ಸ್ನಾನಕ್ಕೆ ಹಿತವಾಗುವಷ್ಟು ಬೆಚ್ಚಗೆ ಮಾತ್ರ. ಹಿಮಾಚಲದ ಮಣಿಕರ್ಣದ ಕುದಿನೀರಿನಲ್ಲಿ ದೆಹಲಿ ವಿಶ್ವವಿದ್ಯಾಲಯದವರಿಗೆ ಥರ್ಮಸ್‌ನ ಹೊಸ ಪ್ರಭೇದವೇ ಸಿಕ್ಕಿದೆ. ಅಷ್ಟು ದೂರ ಹೋಗುವುದೂ ಬೇಡ. ಮನೆಯ ನೀರು ಕಾಯಿಸುವ ಯಂತ್ರಗಳಲ್ಲಿ ಥರ್ಮಸ್ ಇರುವುದನ್ನು ಬ್ರಾಕ್ ಅವರೇ 1973ರಲ್ಲಿ ತೋರಿಸಿದ್ದಾರೆ. ಬಿಸಿ ಕಾಂಪೋಸ್ಟ್ ಗುಡ್ಡೆಯಲ್ಲೂ ಅದರ ಬಳಗದವು ಸಿಕ್ಕಿವೆ. ಅಂದರೆ ನಮ್ಮ ಮೇಷ್ಟ್ರು ದಾರ ಕಟ್ಟಿ ಥರ್ಮಾಮೀಟರ್ ಇಳಿಬಿಟ್ಟಾಗ ಅದು ಇಳಿದದ್ದು ಸರಿಯಾದ ಜಾಗಕ್ಕೇ.

ಈಗ ನನ್ನ ಕೋರಿಕೆ. ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಸ್ವಾಗತ ಕಮಾನು ಕಟ್ಟಿಸುತ್ತಿದ್ದೇವೆ. ಕಟ್ಟಲಿ, ನಾನೂ ನನ್ನ ಪಾಲು ಕೊಟ್ಟಿದ್ದೇನೆ. ಆದರೆ ನಿನ್ನೆ ಪ್ರಯೋಗಾಲಯದ ಬೀರು ತೆಗೆದು ನೋಡಿದೆ. ಒಂದು ಸೂಕ್ಷ್ಮದರ್ಶಕ ಇದೆ, ಅದರ ಕನ್ನಡಿ ಒಡೆದಿದೆ. ಥರ್ಮಾಮೀಟರ್ ಎರಡೇ. 2005ರ ಎಸ್ಸೆಸ್ಸೆಲ್ಸಿ ಬ್ಯಾಚಿನ ನಾವು ಸೇರಿ ಎರಡು ಸೂಕ್ಷ್ಮದರ್ಶಕ ಮತ್ತು ಒಂದು ಡಜನ್ ಥರ್ಮಾಮೀಟರ್ ತಂದಿದ್ದೇವೆ, ಇವತ್ತು ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತೇವೆ. ಬೇರೆ ಬ್ಯಾಚಿನವರೂ ಕೈ ಜೋಡಿಸಿ. ಶಿಕ್ಷಕರಲ್ಲಿ ಒಂದು ವಿನಂತಿ: ಒಡೆದರೆ ಒಡೆಯಲಿ, ಬೀಗ ಹಾಕಿ ಇಡಬೇಡಿ. ಮಕ್ಕಳ ಕೈಗೆ ಕೊಡಿ.

ಮಕ್ಕಳೇ, ಫ್ರೀಜ್ ಎಂಬ ಹುಡುಗನಿಗೂ ನಿಮಗೂ ವಯಸ್ಸಿನಲ್ಲಿ ಐದಾರು ವರ್ಷದ ಅಂತರ ಅಷ್ಟೇ. ಬ್ರಾಕ್ ಅವರು 2021ರಲ್ಲಿ ತೀರಿಕೊಂಡರು. ಅವರು ಕೇಳಿದ ಪ್ರಶ್ನೆಯಿಂದ ಎಷ್ಟು ಜೀವ ಉಳಿದಿದೆಯೋ ಲೆಕ್ಕವಿಲ್ಲ. ಅದರಲ್ಲಿ ನಮ್ಮ ಮನೆಯದೂ ಒಂದು ಎಂದು ಅವರಿಗೆ ಗೊತ್ತಿರಲಿಲ್ಲ. ತಿಪ್ಪೆ ಯಾಕೆ ಬಿಸಿ ಇರುತ್ತದೆ ಎಂದು ಕೇಳಿದರೆ ಯಾರಾದರೂ ನಗಬಹುದು. ನಗಲಿ, ನೀವು ಕೇಳಿ.

ಕೊನೆಯದಾಗಿ, ವೇದಿಕೆಯ ಮೇಲಿರುವ ನಮ್ಮ ವಿಜ್ಞಾನದ ಮೇಷ್ಟ್ರಿಗೆ. ಸಾರ್, ನೀವು ನಮಗೆ ಬಹಳ ಪಾಠ ಹೇಳಿಕೊಟ್ಟಿರಿ. ಅದರಲ್ಲಿ ಎಷ್ಟೋ ಮರೆತಿದ್ದೇನೆ. ಆದರೆ ಅವತ್ತು ನಲವತ್ತು ಮಕ್ಕಳ ಮುಂದೆ "ನನಗೂ ಗೊತ್ತಿಲ್ಲ, ಬರೆದಿಟ್ಕೊಳ್ಳಿ" ಎಂದಿರಲ್ಲ, ಅದನ್ನು ಮರೆತಿಲ್ಲ. ಉತ್ತರ ತಂದಿದ್ದೇನೆ. ತಡವಾಯಿತು, ಕ್ಷಮಿಸಿ.